ಆ ದಿನ ಮೆಕಾಲೆ ಎಲ್ಲಿದ್ದ?

ಮೆಕಾಲೆ ಹೆಸರಿನ ಆ ಮಾತು ನಿಮ್ಮ ಫೋನಿಗೂ ಬಂದೇ ಇರುತ್ತೆ. ಹಳದಿಗೆ ತಿರುಗಿದ ಹಳೇ ಕಾಗದದಂಥ ಚಿತ್ರ, ಮೂಲೆಯಲ್ಲೊಂದು ಕಪ್ಪು-ಬಿಳುಪು ಮುಖ, ಕೆಳಗೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣ ಅನ್ನೋ ಒಕ್ಕಣೆ. ಭಾರತವನ್ನು ಉದ್ದಗಲ ಸುತ್ತಿ ಬಂದೆ, ಒಬ್ಬ ಭಿಕ್ಷುಕನೂ ಕಾಣಲಿಲ್ಲ, ಒಬ್ಬ ಕಳ್ಳನೂ ಕಾಣಲಿಲ್ಲ, ಈ ಜನರ ಬೆನ್ನೆಲುಬಾಗಿರುವ ಸಂಸ್ಕೃತಿಯನ್ನು ಮುರಿಯದೆ ಈ ದೇಶವನ್ನು ಗೆಲ್ಲೋಕಾಗಲ್ಲ, ಆದ್ದರಿಂದ ಇವರ ಶಿಕ್ಷಣವನ್ನೇ ಬದಲಿಸೋಣ. ಇಷ್ಟು ಅದರ ಸಾರಾಂಶ. ಬೆಳಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಬಂದದ್ದು ಮಧ್ಯಾಹ್ನ ಯಾರದೋ ಲಿಂಕ್ಡ್‌ಇನ್ ಪೋಸ್ಟಿನ ಮೊದಲ ಸಾಲಾಗಿರುತ್ತೆ, ರಾತ್ರಿ ಹೊತ್ತಿಗೆ ಇನ್ಯಾರದೋ ಲೇಖನದ ಕೊನೆಯ ಸಾಲು.

ನನ್ನ ತಕರಾರು ಅದನ್ನು ಫಾರ್ವರ್ಡ್ ಮಾಡುವ ಚಿಕ್ಕಪ್ಪಂದಿರ ಮೇಲಲ್ಲ. ಅವರು ಗುಡ್ ಮಾರ್ನಿಂಗ್ ಹೂವಿನ ಜೊತೆ ಇದನ್ನೂ ಕಳಿಸ್ತಾರೆ, ಅಷ್ಟೆ. ತಕರಾರಿರೋದು ನಮ್ಮ ಮೇಲೆ. ಆಫೀಸಿನ ಕೆಲಸ ಮುಗಿಸಿ, ಊಟ ಮಾಡಿ, ಲ್ಯಾಪ್‌ಟಾಪ್ ತೆಗೆದು ವಾರಕ್ಕೊಂದು ಬರೆದು ಆನ್‌ಲೈನಿಗೆ ಹಾಕುವ ನಮ್ಮಂಥವರ ಮೇಲೆ. ಹಗಲು ಹೊತ್ತು ನಾಲ್ಕು ಸಾಲು ಕೋಡ್ ಬರೆದರೂ ಇನ್ನೊಬ್ಬರು ನೋಡದೆ ಅದು ಪ್ರೊಡಕ್ಷನ್‌ಗೆ ಹೋಗಲ್ಲ. ರಾತ್ರಿ ಹೊತ್ತು ಎರಡು ಸಾವಿರ ವರ್ಷದ ಇತಿಹಾಸ ಒಂದೇ ಬೆರಳಿನ ಒತ್ತಿಗೆ ಊರೆಲ್ಲ ಹರಡುತ್ತೆ.

ಆನ್‌ಲೈನಿನಲ್ಲಿ ಬರೆಯೋರ ಕೆಟ್ಟ ಅಭ್ಯಾಸಗಳೇನು ಅಂತ ಕೇಳಿದರೆ ಎಲ್ಲರೂ ಒಂದೇ ಪಟ್ಟಿ ಕೊಡ್ತಾರೆ. ತಲೆಬರಹ ಜೋರು, ಒಳಗೆ ಏನಿಲ್ಲ. ಪ್ಯಾರಾ ಒಡೆಯಲ್ಲ. ಕಾಗುಣಿತ ನೋಡಲ್ಲ. ಮೂರು ವಾರ ಬರೆದು ಮೂರು ತಿಂಗಳು ನಾಪತ್ತೆ. ಇವೆಲ್ಲ ನಿಜವೇ, ಆದರೆ ಇವು ಕೆಮ್ಮು ನೆಗಡಿ. ಜ್ವರ ಬೇರೆಯೇ ಇದೆ. ಅದರ ಹೆಸರು ಓದದೆ ಬರೆಯೋದು. ಮತ್ತೆ ಆ ಜ್ವರ ಇಂಟರ್‌ನೆಟ್ಟಿನಿಂದ ಬಂದದ್ದಲ್ಲ. ಅದರ ಇತಿಹಾಸ ತಿಳಿದರೆ ಮದ್ದೂ ಅಲ್ಲೇ ಸಿಗುತ್ತೆ ಅನ್ನೋದು ನನ್ನ ನಂಬಿಕೆ. ಅದಕ್ಕೇ ಮೆಕಾಲೆಯಿಂದ ಶುರು ಮಾಡ್ತೀನಿ.

ಆ ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ. ಆ ದಿನ ಮೆಕಾಲೆ ಎಲ್ಲಿದ್ದ?

ಥಾಮಸ್ ಬಾಬಿಂಗ್ಟನ್ ಮೆಕಾಲೆ 1834ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದ. 1833ರ ಚಾರ್ಟರ್ ಕಾಯ್ದೆ ಗವರ್ನರ್ ಜನರಲ್ಲನ ಕೌನ್ಸಿಲ್ಲಿನಲ್ಲಿ ಕಾನೂನು ಸದಸ್ಯ ಅನ್ನೋ ಹೊಸ ಹುದ್ದೆ ಸೃಷ್ಟಿಸಿತ್ತು. ಅದಕ್ಕಾಗಿ ಅವನು ತನ್ನ ಪಾರ್ಲಿಮೆಂಟ್ ಸ್ಥಾನ ಬಿಟ್ಟುಕೊಟ್ಟು ಹೊರಟಿದ್ದ. ಜೂನ್ 10ಕ್ಕೆ ಮದರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಗ ಊಟಿಯಲ್ಲಿದ್ದ. ಹಾಗಾಗಿ ಮೆಕಾಲೆಯ ಪಲ್ಲಕ್ಕಿ ಹೊರಟದ್ದು ನಮ್ಮ ಕಡೆಗೇ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ನೀಲಗಿರಿ ಬೆಟ್ಟ ಹತ್ತಿದ. ಸುಮಾರು 400 ಮೈಲಿ, ಅಷ್ಟೂ ದೂರ ಆಳುಗಳ ಹೆಗಲ ಮೇಲೆ. ಶ್ರೀರಂಗಪಟ್ಟಣ ಅವನಿಗೆ ಹೊಸ ಹೆಸರಲ್ಲ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಹೈದರಾಲಿಯ ಕಾಲದಲ್ಲಿ ಅಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು.

ಊಟಿಯಲ್ಲಿ ಮಳೆಗಾಲ ಕಳೆದು, ಮದರಾಸಿಗೆ ವಾಪಸಾಗಿ, ಅಲ್ಲಿಂದ ಸಮುದ್ರದ ಮೇಲೆ ಕಲ್ಕತ್ತೆಗೆ ಹೋದ. 1835ರ ಫೆಬ್ರವರಿ 2ರಂದು ಅವನಿದ್ದದ್ದು ಅಲ್ಲೇ, ಕಲ್ಕತ್ತೆಯಲ್ಲಿ. ಪಾರ್ಲಿಮೆಂಟು ಸಾವಿರಾರು ಮೈಲಿ ದೂರ. ಅವನು ಬರೋಕೆ ಹಿಡಿದದ್ದೇ ನಾಲ್ಕು ತಿಂಗಳು. ಇಂಗ್ಲೆಂಡಿಗೆ ಮತ್ತೆ ಹೋದದ್ದು 1838ರಲ್ಲಿ.

ಒಂದು ದಿನಾಂಕ ನೋಡಿದರೆ ಇಡೀ ಚಿತ್ರ ಬಿದ್ದುಹೋಗುತ್ತೆ. ಇನ್ನೂ ಎರಡು ನಿಮಿಷ ಕೊಟ್ಟರೆ ಉಳಿದದ್ದೂ ಬೀಳುತ್ತೆ. ಭಾರತವನ್ನು ಉದ್ದಗಲ ಸುತ್ತಿದ್ದ ಅಂತೀರಾ? ಅಷ್ಟರಲ್ಲಿ ಅವನು ನೆಲದ ಮೇಲೆ ನೋಡಿದ್ದು ಮದರಾಸು ಮತ್ತು ಊಟಿಯ ನಡುವಿನ ದಾರಿ, ಆಮೇಲೆ ಕಲ್ಕತ್ತೆ. ಇನ್ನು ‘ಗೆಲ್ಲೋಕಾಗಲ್ಲ’ ಅನ್ನೋ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನೇ ಕಂಪನಿ ಕಿತ್ತುಕೊಂಡಿತ್ತು. ಆ ಮೈಸೂರಿನ ಮೇಲೇ ಪಲ್ಲಕ್ಕಿಯಲ್ಲಿ ಹಾದುಹೋದವನು, ಈ ದೇಶವನ್ನು ಗೆಲ್ಲೋದು ಹೇಗೆ ಅಂತ ಅರ್ಧ ವರ್ಷದ ಮೇಲೆ ಯೋಚನೆ ಮಾಡ್ತಿದ್ದನಾ?

ಹಾಗಂತ ಆ ದಿನಾಂಕ ಸುಮ್ಮನೆ ಹುಟ್ಟಿದ್ದಲ್ಲ. ಸುಳ್ಳು ಚೆನ್ನಾಗಿ ನಿಲ್ಲಬೇಕಾದರೆ ಕೆಳಗೆ ಒಂದು ನಿಜವಾದ ಕಲ್ಲು ಬೇಕು. ಫೆಬ್ರವರಿ 2ರಂದು ಮೆಕಾಲೆ ಬರೆದದ್ದು ಭಾಷಣ ಅಲ್ಲ, ಒಂದು ಸರ್ಕಾರಿ ಟಿಪ್ಪಣಿ. ಇತಿಹಾಸದ ಪುಸ್ತಕಗಳಲ್ಲಿ ಅದನ್ನೇ ಮೆಕಾಲೆ ಮಿನಿಟ್ ಅಂತಾರೆ. 1813ರ ಚಾರ್ಟರ್ ಕಾಯ್ದೆ ಭಾರತದಲ್ಲಿ ಸಾಹಿತ್ಯ, ವಿಜ್ಞಾನಗಳ ಏಳಿಗೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಾಗದಂತೆ ತೆಗೆದಿಡಬೇಕು ಅಂದಿತ್ತು. ಆ ದುಡ್ಡು ಸಂಸ್ಕೃತ, ಅರಬ್ಬೀ ಕಲಿಸೋಕಾ, ಇಂಗ್ಲಿಷ್ ಕಲಿಸೋಕಾ ಅನ್ನೋದು ಜಗಳ. ಮೆಕಾಲೆ ಇಂಗ್ಲಿಷಿನ ಪಕ್ಷ. ಮಾರ್ಚ್ 7ಕ್ಕೆ ಬೆಂಟಿಂಕ್ ಸರ್ಕಾರ ಅದೇ ದಾರಿಯ ಆದೇಶ ಹೊರಡಿಸಿತು.

ಆ ಟಿಪ್ಪಣಿಯನ್ನು ಕೂತು ಓದಿದರೆ ಎರಡು ಮಾತು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು, ನನಗೆ ಸಂಸ್ಕೃತವೂ ಬರಲ್ಲ ಅರಬ್ಬಿಯೂ ಬರಲ್ಲ ಅನ್ನೋ ಒಪ್ಪಿಗೆ. ಅನುವಾದಗಳನ್ನು ಓದಿದ್ದೀನಿ, ಬಲ್ಲವರ ಹತ್ತಿರ ಮಾತಾಡಿದ್ದೀನಿ ಅಂತಾನೆ. ಎರಡನೆಯದು ಅವನ ಅತಿ ಪ್ರಸಿದ್ಧ ತೀರ್ಪು: ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದೇ ಒಂದು ಕಪಾಟಿಗೆ ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯ ಸಮ ಅನ್ನೋದು. ಈ ಎರಡು ಮಾತಿನ ನಡುವೆ ಇರೋದು ಕೆಲವೇ ಸಾಲು. ಓದಿಲ್ಲ ಅಂತ ಒಪ್ಪಿಕೊಂಡು, ಅದೇ ಉಸಿರಿನಲ್ಲಿ ತೀರ್ಪು ಕೊಟ್ಟ.

ಓದೋಕೆ ಪುರುಸೊತ್ತು ಇರಲಿಲ್ಲವೇನೋ ಅನ್ನೋ ಹಾಗೂ ಇಲ್ಲ. ಅದೇ 1835ರಲ್ಲಿ ಕಲ್ಕತ್ತೆಯಲ್ಲಿ ಕೂತು ಅವನು ಓದಿದ ಗ್ರೀಕ್, ಲ್ಯಾಟಿನ್ ಪುಸ್ತಕಗಳ ಪಟ್ಟಿ ವರ್ಷದ ಕೊನೆಯಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿದೆ. ನೋಡಿದರೆ ತಲೆ ತಿರುಗುತ್ತೆ. ಈಸ್ಕಿಲಸ್, ಸೊಫೊಕ್ಲಿಸ್ ಇಬ್ಬರನ್ನೂ ಎರಡೆರಡು ಸಲ ಓದಿದ್ದ. ಓದುವ ಶಕ್ತಿ ಇತ್ತು, ಸಮಯ ಇತ್ತು, ಮನೆ ಬಾಗಿಲಲ್ಲೇ ಪಂಡಿತರಿದ್ದರು. ಯಾವುದರ ಬಗ್ಗೆ ಬರೆಯಬೇಕೋ ಅದನ್ನು ಮಾತ್ರ ಓದಲಿಲ್ಲ. ನಮ್ಮಂಥವರ ಕಾಯಿಲೆಯ ದೊಡ್ಡ ರೋಗಿ ಅವನೇ. ವ್ಯತ್ಯಾಸ ಇಷ್ಟೆ: ನಾವು ಓದದೆ ಬರೆದರೆ ನಾಲ್ಕು ಜನ ಲೈಕ್ ಒತ್ತುತ್ತಾರೆ. ಅವನು ಓದದೆ ಬರೆದದ್ದಕ್ಕೆ ಒಂದು ಉಪಖಂಡದ ಶಾಲೆಗಳು ದಾರಿ ಬದಲಿಸಿದವು.

ಇಲ್ಲಿ ನನಗೂ ಒಂದು ಆಸೆ ಆಗುತ್ತೆ. ಮೆಕಾಲೆ ಕನ್ನಡವನ್ನೂ ಬೈದ ಅಂತ ಬರೆದುಬಿಡೋಣ ಅಂತ. ಪಂಪನ ನಾಡನ್ನು ಪಲ್ಲಕ್ಕಿಯಲ್ಲಿ ದಾಟಿ ಹೋದವನು, ದೇಶಭಾಷೆಗಳಲ್ಲಿ ಸಾಹಿತ್ಯವೂ ಇಲ್ಲ ವಿಜ್ಞಾನವೂ ಇಲ್ಲ ಅಂದ! ಎಂಥ ಪ್ಯಾರಾ ಆಗ್ತಿತ್ತು ಗೊತ್ತಾ, ಶೇರ್ ಮೇಲೆ ಶೇರ್. ಆದರೆ ಮೂಲದಲ್ಲಿ ಆ ಮಾತಿರೋದು ಭಾರತದ ಈ ಭಾಗದ ಆಡುಭಾಷೆಗಳ ಬಗ್ಗೆ, ಅಂದರೆ ಅವನು ಕೂತಿದ್ದ ಬಂಗಾಳದ ಕಡೆಯದರ ಬಗ್ಗೆ. ಕನ್ನಡದ ಹೆಸರು ಅಲ್ಲಿಲ್ಲ. ಬಂಗಾಳಿಯ ಬಗ್ಗೆಯೂ ಆ ಮಾತು ತಪ್ಪೇ, ಅದು ಬೇರೆ ವಿಚಾರ. ಆದರೆ ಎರಡು ಪದ ಬಿಟ್ಟರೆ ನನ್ನ ಲೇಖನಕ್ಕೆ ಬಿಸಿ ಬರುತ್ತೆ, ಎರಡು ಪದ ಇಟ್ಟರೆ ನಿಜ ಉಳಿಯುತ್ತೆ. ಪ್ರತಿ ಬರಹದಲ್ಲೂ ಇಂಥ ಎರಡು ಪದ ಎಲ್ಲೋ ಒಂದು ಕಡೆ ಕಾಯ್ತಾ ಇರ್ತವೆ.

ಸುಳ್ಳು ಭಾಷಣದಿಂದ ಏನು ನಷ್ಟ, ಮೆಕಾಲೆ ಹೇಗಿದ್ದರೂ ನಮ್ಮನ್ನು ಕೀಳಾಗಿ ಕಂಡವನೇ ಅಲ್ವಾ ಅಂತ ಕೇಳೋರಿದ್ದಾರೆ. ನಷ್ಟ ಇದೆ, ದೊಡ್ಡದೇ ಇದೆ. ಕನ್ನಡ ಮಾಧ್ಯಮದ ಚರ್ಚೆಯನ್ನೇ ತಗೊಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಈ ವಾದ ನಡೆಯಬೇಕಾದದ್ದು ಜನರ ಮನಸ್ಸಿನಲ್ಲಿ. ಮಗು ತನ್ನ ಭಾಷೆಯಲ್ಲಿ ಕಲಿಯೋದು ಯಾಕೆ ಒಳ್ಳೇದು ಅನ್ನೋದಕ್ಕೆ ಗಟ್ಟಿ ಕಾರಣಗಳಿವೆ. ಅದರ ಮಧ್ಯೆ ಒಬ್ಬರು ಈ ಸುಳ್ಳು ಭಾಷಣ ತಂದು ಇಡ್ತಾರೆ. ಎದುರಿನವರು ಒಂದೇ ಒಂದು ದಿನಾಂಕ ತೋರಿಸ್ತಾರೆ. ಮುಗೀತು, ಅದುವರೆಗೆ ಹೇಳಿದ ಅಷ್ಟೂ ಗಟ್ಟಿ ಮಾತು ಸುಳ್ಳಿನ ಜೊತೆ ಚರಂಡಿಗೆ. ನಿಜವಾದ ಟಿಪ್ಪಣಿಯನ್ನೇ ಓದಿ ಉಲ್ಲೇಖಿಸಿದ್ದರೆ ಯಾರೂ ಅಲ್ಲಾಡಿಸೋಕೆ ಆಗ್ತಿರಲಿಲ್ಲ. ಸಿಟ್ಟು ಬರಿಸೋಕೆ ಬೇಕಾದ್ದು ಅದರಲ್ಲೇ ಬೇಕಾದಷ್ಟಿದೆ.

ಆದರೂ ಜನ ಸುಳ್ಳನ್ನೇ ಹಿಡೀತಾರೆ. ಯಾಕೆ? ನನಗನ್ನಿಸೋದು ಹೀಗೆ. ನಿಜವಾದ ಮೆಕಾಲೆ ನಮ್ಮನ್ನು ಹೊಗಳಲ್ಲ. ಸುಳ್ಳು ಮೆಕಾಲೆ ಹೊಗಳ್ತಾನೆ. ನಮ್ಮ ಅಜ್ಜಂದಿರು ಒಳ್ಳೆಯವರಿದ್ದರು ಅನ್ನೋದಕ್ಕೂ ನಮಗೆ ಅವನ ಬಾಯಿಂದಲೇ ಸರ್ಟಿಫಿಕೇಟ್ ಬೇಕು. ಮೆಕಾಲೆ ಗೆದ್ದ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಅದೇ 1835ರ ಆಗಸ್ಟಿನಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇದೇ ಜ್ವರದ ಇನ್ನೊಂದು ಪ್ರಕರಣ ಆಯಿತು. ಇದು ಸ್ವಲ್ಪ ನಗು ಬರಿಸುವಂಥದ್ದು.

ನ್ಯೂಯಾರ್ಕಿನಲ್ಲಿ ‘ದಿ ಸನ್’ ಅಂತ ಒಂದು ಪತ್ರಿಕೆ. ಬೆಂಜಮಿನ್ ಡೇ 1833ರಲ್ಲಿ ಶುರು ಮಾಡಿದ್ದು. ಬೇರೆ ಪತ್ರಿಕೆಗಳು ಆರು ಸೆಂಟಿಗೆ ಮಾರುತ್ತಿದ್ದಾಗ ಇದಕ್ಕೆ ಒಂದೇ ಸೆಂಟು. ಬೆಲೆ ಕಡಿಮೆ ಅಂದಮೇಲೆ ಪ್ರತಿ ಜಾಸ್ತಿ ಹೋಗಲೇಬೇಕು. ಆ ಪತ್ರಿಕೆಯಲ್ಲಿ ಆಗಸ್ಟ್ 25ರಿಂದ ಆರು ಕಂತಿನಲ್ಲಿ ಒಂದು ಸುದ್ದಿ ಬಂತು. ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಭಾರೀ ದೂರದರ್ಶಕ ನಿಲ್ಲಿಸಿದ್ದಾರೆ, ಅದರಲ್ಲಿ ಚಂದ್ರನ ಮೇಲಿನ ಕಾಡು, ಕಾಡೆಮ್ಮೆ, ಎರಡು ಕಾಲಲ್ಲಿ ನಡೆಯುವ ಬೀವರ್, ಕೊನೆಗೆ ಬಾವಲಿಯಂಥ ರೆಕ್ಕೆ ಇರುವ ಮನುಷ್ಯರೂ ಕಂಡಿದ್ದಾರೆ ಅಂತ. ಬರೆದದ್ದು ಪತ್ರಿಕೆಯ ವರದಿಗಾರ ರಿಚರ್ಡ್ ಆಡಮ್ಸ್ ಲಾಕ್. ಪೂರ್ತಿ ಕಟ್ಟುಕಥೆ.

ಜನ ನಂಬಿದ್ದು ಪೆದ್ದರಾಗಿದ್ದರಿಂದ ಅಲ್ಲ. ಲಾಕ್ ಜಾಣ. ಹರ್ಷೆಲ್ ನಿಜವಾದ ಮನುಷ್ಯ, ಆಗ ನಿಜವಾಗಿಯೂ ಕೇಪ್‌ನಲ್ಲೇ ಇದ್ದ, ನಿಜವಾಗಿಯೂ ದೂರದರ್ಶಕ ಇಟ್ಟುಕೊಂಡು ಆಕಾಶ ನೋಡ್ತಿದ್ದ. ಅವನನ್ನು ಕೇಳಿ ಉತ್ತರ ಬರೋಕೆ ತಿಂಗಳುಗಟ್ಟಲೆ ಬೇಕು. ಸುದ್ದಿಯ ಮೂಲ ಅಂತ ಎಡಿನ್‌ಬರೋದ ಒಂದು ವಿಜ್ಞಾನ ಪತ್ರಿಕೆಯ ಹೆಸರು ಕೊಟ್ಟಿದ್ದ. ಆ ಪತ್ರಿಕೆ ಅಷ್ಟರಲ್ಲಾಗಲೇ ನಿಂತುಹೋಗಿತ್ತು. ಮಸೂರದ ಅಗಲ, ತೂಕ, ಎಲ್ಲಕ್ಕೂ ನಿಖರವಾದ ಅಂಕಿ. ನಮ್ಮ ಈಗಿನ ‘ಹಾರ್ವರ್ಡ್ ಅಧ್ಯಯನದ ಪ್ರಕಾರ’, ‘ನಾಸಾ ಒಪ್ಪಿಕೊಂಡಿದೆ’ ಇವೆಲ್ಲ ಲಾಕ್‌ನ ಮೊಮ್ಮಕ್ಕಳು. ದೂರದ ದೊಡ್ಡ ಹೆಸರು, ಸಿಗದ ಮೂಲ, ದಶಮಾಂಶದವರೆಗೂ ಇರುವ ಅಂಕಿ. ಈ ಮೂರೂ ಒಟ್ಟಿಗೆ ಕಂಡರೆ ನಾನೀಗ ಜೇಬು ಮುಟ್ಟಿ ನೋಡ್ಕೋತೀನಿ.

ಸೆಪ್ಟೆಂಬರಿನ ಹೊತ್ತಿಗೆ ಗುಟ್ಟು ರಟ್ಟಾಯಿತು. ‘ಸನ್’ ಮಾತ್ರ ನಾವು ಹೇಳಿದ್ದು ಸುಳ್ಳು ಅಂತ ನೇರವಾಗಿ ಹೇಳಲೇ ಇಲ್ಲ. ಇದರಿಂದ ನಿಜವಾಗಿ ಪೇಚಿಗೆ ಸಿಕ್ಕಿದವನು ಹರ್ಷೆಲ್. ಮೊದಮೊದಲು ಅವನಿಗೂ ತಮಾಷೆ ಅನ್ನಿಸಿತ್ತು. ಆಮೇಲೆ ಸುಸ್ತಾದ. ಇಂಗ್ಲಿಷು, ಫ್ರೆಂಚು, ಇಟಾಲಿಯನ್, ಜರ್ಮನ್ ಹೀಗೆ ಎಲ್ಲ ಭಾಷೆಯಲ್ಲೂ ಜನ ಇದೇ ಚಂದ್ರನ ವಿಷಯ ಕೇಳಿ ಪ್ರಾಣ ತಿಂತಿದ್ದಾರೆ ಅಂತ ತನ್ನ ಸೋದರತ್ತೆ, ತಾನೂ ದೊಡ್ಡ ಖಗೋಳ ವಿಜ್ಞಾನಿಯಾಗಿದ್ದ ಕ್ಯಾರೊಲಿನ್ ಹರ್ಷೆಲ್‌ಗೆ ಪತ್ರ ಬರೆದ. ಅವನ ವರ್ಷಗಳ ದುಡಿಮೆ ಒಂದು ಕಡೆ, ಅವನು ಹೇಳದ ಮಾತಿನ ಕೀರ್ತಿ ಇನ್ನೊಂದು ಕಡೆ. ನಾವು ಬಸವಣ್ಣನ ಹೆಸರಿನಲ್ಲೋ ಅಬ್ದುಲ್ ಕಲಾಂ ಹೆಸರಿನಲ್ಲೋ ಅವರು ಹೇಳದ ಮಾತನ್ನು ಅಂಟಿಸುವಾಗ ಮಾಡೋದೂ ಇದೇ. ಹರ್ಷೆಲ್ ಪತ್ರ ಬರೆದು ಗೊಣಗಬಹುದಿತ್ತು. ಇವರು ಗೊಣಗೋಕೂ ಬರಲ್ಲ.

ಇದಕ್ಕೊಂದು ಬಾಲಂಗೋಚಿ ಇದೆ. ಎಡ್ಗರ್ ಅಲನ್ ಪೋ ಅದೇ ವರ್ಷ ಜೂನಿನಲ್ಲಿ ಬಲೂನಿನಲ್ಲಿ ಚಂದ್ರನಿಗೆ ಹೋಗುವ ಕಥೆ ಅಚ್ಚು ಹಾಕಿಸಿದ್ದ. ಲಾಕ್ ತನ್ನ ಕಲ್ಪನೆಯನ್ನೇ ಕದ್ದ ಅಂತ ಅವನಿಗೆ ಮೊದಲು ಅನುಮಾನ. ಆಮೇಲೆ ಅದನ್ನು ಬಿಟ್ಟ. ಆದರೆ 1844ರಲ್ಲಿ ಅದೇ ಪೋ, ಅದೇ ‘ಸನ್’ ಪತ್ರಿಕೆಯಲ್ಲಿ, ಬಲೂನಿನಲ್ಲಿ ಅಟ್ಲಾಂಟಿಕ್ ದಾಟಿದರು ಅನ್ನೋ ಸುಳ್ಳು ಸುದ್ದಿಯನ್ನು ನಿಜದ ವೇಷ ಹಾಕಿ ಬರೆದ. ನಮ್ಮ ಬರಹ ಕದ್ದರು ಅಂತ ಕೂಗಾಡೋರೇ ಇನ್ನೊಬ್ಬರ ಫೋಟೋ ಹೆಸರಿಲ್ಲದೆ ಎತ್ತಿ ಹಾಕೋದು ನೋಡಿದಾಗ ನನಗೆ ಪೋ ನೆನಪಾಗ್ತಾನೆ.

ಸರಿ, ತಪ್ಪಾಯಿತು ಅಂದುಕೊಳ್ಳಿ. ತಿದ್ದಿದರೆ ಆಯಿತಲ್ಲ? ಇಲ್ಲೇ ಇರೋದು ಕಷ್ಟ.

1917ರ ಡಿಸೆಂಬರ್ 28ರಂದು ಅಮೆರಿಕದ ಪತ್ರಕರ್ತ ಎಚ್. ಎಲ್. ಮೆಂಕೆನ್ ‘ನ್ಯೂಯಾರ್ಕ್ ಈವ್ನಿಂಗ್ ಮೇಲ್’ನಲ್ಲಿ ಒಂದು ಲೇಖನ ಬರೆದ. ಅಮೆರಿಕಕ್ಕೆ ಸ್ನಾನದ ತೊಟ್ಟಿ ಬಂದು 75 ವರ್ಷ ಆಯಿತು, ಯಾರಿಗೂ ನೆನಪಿಲ್ಲ ಅನ್ನೋದು ಅವನ ಅಳಲು. 1842ರಲ್ಲಿ ಸಿನ್ಸಿನಾಟಿ ಊರಿನಲ್ಲಿ ಮೊದಲ ತೊಟ್ಟಿ ಬಂತಂತೆ, ವೈದ್ಯರು ವಿರೋಧಿಸಿದರಂತೆ, ಅಧ್ಯಕ್ಷ ಮಿಲ್ಲರ್ಡ್ ಫಿಲ್‌ಮೋರ್ ಶ್ವೇತಭವನದಲ್ಲಿ ಒಂದನ್ನು ಹಾಕಿಸಿದ ಮೇಲೆ ಜನ ಧೈರ್ಯ ಮಾಡಿದರಂತೆ. ಎಲ್ಲವೂ ಅಂತೆಕಂತೆ. ಯುದ್ಧದ ದಿನಗಳಲ್ಲಿ ಸ್ವಲ್ಪ ನಗಿಸೋಣ ಅಂತ ಅವನು ಹೆಣೆದದ್ದು. ಆದರೆ ಯಾರೂ ನಗಲಿಲ್ಲ. ನಂಬಿದರು. ಪತ್ರಿಕೆಗಳು ಎತ್ತಿಕೊಂಡವು, ಗಂಭೀರ ಬರಹಗಳಿಗೂ ಅದು ನುಸುಳಿತು.

ಒಂಬತ್ತು ವರ್ಷದ ಹತ್ತಿರ ನೋಡಿ ನೋಡಿ, 1926ರ ಮೇ ತಿಂಗಳಲ್ಲಿ ಮೆಂಕೆನ್ ಅದು ಪೂರ್ತಿ ನನ್ನ ಕಲ್ಪನೆ ಅಂತ ಬರೆದ. ಹಲವು ಪತ್ರಿಕೆಗಳಲ್ಲಿ ಒಟ್ಟಿಗೆ ಬಂತು. ‘ಬಾಸ್ಟನ್ ಹೆರಾಲ್ಡ್’ ಕೂಡ ಅಚ್ಚು ಮಾಡಿತು. ಮೂರು ವಾರ ಕಳೆಯಿತು. ಅದೇ ‘ಬಾಸ್ಟನ್ ಹೆರಾಲ್ಡ್’ ಆ ಹಳೇ ತೊಟ್ಟಿಯ ಕಥೆಯನ್ನು ನಿಜ ಅಂತಲೇ ಮತ್ತೆ ಅಚ್ಚು ಹಾಕಿತು! ತಾನು ಅಚ್ಚು ಮಾಡಿದ್ದನ್ನು ತಾನೇ ಓದದ ಪತ್ರಿಕೆ.

ಇದನ್ನು ಓದಿ ನಕ್ಕ ಮೇಲೆ ಸ್ವಲ್ಪ ಭಯವಾಗುತ್ತೆ. ಬಿಟ್ಟ ಬಾಣ ಬತ್ತಳಿಕೆಗೆ ಬರಲ್ಲ ಅಂತಾರಲ್ಲ, ಇದು ಹಾಗೆ. ಬರೆದವನೇ ಎದ್ದು ನಿಂತು ಸುಳ್ಳು ಅಂದರೂ ಸುಳ್ಳು ನಿಲ್ಲಲಿಲ್ಲ. ಹಾಗಿರುವಾಗ ನಾವು ತಪ್ಪು ಗೊತ್ತಾದ ತಕ್ಷಣ ಸದ್ದಿಲ್ಲದೆ ಪೋಸ್ಟ್ ಡಿಲೀಟ್ ಮಾಡಿ ಕೈ ತೊಳ್ಕೊಂಡರೆ ಸಾಕಾ? ಅಷ್ಟರಲ್ಲಿ ಸ್ಕ್ರೀನ್‌ಶಾಟು ಊರು ಬಿಟ್ಟು ಊರಿಗೆ ಹೋಗಿರುತ್ತೆ. ಅಳಿಸಿದರೆ ತಪ್ಪು ಉಳಿಯುತ್ತೆ, ಸರಿ ಯಾವುದು ಅನ್ನೋದಷ್ಟೇ ಅಳಿಯುತ್ತೆ.

ತಿದ್ದಿಕೊಂಡವರ ಉದಾಹರಣೆಯೂ ಇತಿಹಾಸದಲ್ಲಿದೆ, ಮತ್ತೆ ಅದು ನನಗೆ ಇವೆಲ್ಲಕ್ಕಿಂತ ಇಷ್ಟ. ಸ್ಯಾಮ್ಯುಯೆಲ್ ಜಾನ್ಸನ್ ಹೆಸರು ಕೇಳಿರ್ತೀರಿ, ಇಂಗ್ಲಿಷ್ ನಿಘಂಟಿನ ಜಾನ್ಸನ್. ಹೊಟ್ಟೆಪಾಡಿಗೆ ಪತ್ರಿಕೆಗೆ ಬರೀತಿದ್ದ ದಿನಗಳಲ್ಲಿ, 1740ರ ದಶಕದ ಆರಂಭದಲ್ಲಿ, ಅವನಿಗೆ ‘ಜಂಟಲ್‌ಮನ್ಸ್ ಮ್ಯಾಗಜೀನ್’ಗೆ ಪಾರ್ಲಿಮೆಂಟ್ ಚರ್ಚೆಗಳನ್ನು ಬರೆದುಕೊಡುವ ಕೆಲಸ. ಆಗ ಪಾರ್ಲಿಮೆಂಟಿನ ಮಾತನ್ನು ನೇರವಾಗಿ ವರದಿ ಮಾಡುವಂತಿರಲಿಲ್ಲ. ಹಾಗಾಗಿ ಲಿಲಿಪುಟ್ ದೇಶದ ಸಭೆಯ ಚರ್ಚೆ ಅನ್ನೋ ಹೆಸರಿಟ್ಟು, ಯಾರೋ ತಂದುಕೊಟ್ಟ ಚೂರುಪಾರು ಟಿಪ್ಪಣಿ ಹಿಡಿದು, ಉಳಿದದ್ದನ್ನು ತಾನೇ ಕಲ್ಪಿಸಿ ಭಾಷಣಗಳನ್ನು ಬರೆದ. ಎಷ್ಟು ಚೆನ್ನಾಗಿ ಬರೆದನೆಂದರೆ ಜನ ಅವನ್ನು ಮಂತ್ರಿಗಳ ನಿಜವಾದ ಮಾತು ಅಂತಲೇ ಓದಿದರು. ಅದು ಗೊತ್ತಾದ ದಿನ ಜಾನ್ಸನ್ ಆ ಕೆಲಸ ಬಿಟ್ಟ. ಹೊಗಳಿಕೆ ಬರ್ತಾ ಇರುವಾಗ ಬಿಟ್ಟ, ಅದು ಗಮನಿಸಿ. ಸಾಯುವ ಕೆಲವು ದಿನ ಮೊದಲೂ ಆ ಬರಹದ ಬಗ್ಗೆ ಬೇಸರ ಹೇಳಿಕೊಂಡನಂತೆ, ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ಇದನ್ನು ದಾಖಲಿಸಿದ್ದಾನೆ.

ಆಮೇಲೆ ಅದೇ ಜಾನ್ಸನ್ ಮಾಡಿದ್ದೇನು? 1755ರಲ್ಲಿ ನಿಘಂಟು ತಂದ. ಪದದ ಅರ್ಥ ಹೇಳಿ ಸುಮ್ಮನಾಗದೆ, ಆ ಪದವನ್ನು ಹಾಗೆ ಬಳಸಿದವರು ಇಂಥವರು ಅಂತ ಲೇಖಕರ ಸಾಲುಗಳನ್ನು ಸಾಕ್ಷಿಗೆ ತಂದು ನಿಲ್ಲಿಸಿದ. ಒಂದು ಕಾಲದಲ್ಲಿ ಯಾರೂ ಆಡದ ಮಾತನ್ನು ಕಲ್ಪಿಸಿ ಬರೆದವನು, ಆಡಿದವರ ಹೆಸರು ಹಿಡಿದೇ ಮಾತಾಡುವ ಕಡೆಗೆ ಬಂದ.

ಆ ಬಗೆಯ ಕೆಲಸ ಕನ್ನಡದಲ್ಲೂ ಆಗಿದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಪದ. ಯಾವುದಾದರೂ ಒಂದು ಪುಟ ತೆಗೆದು ನೋಡಿ, ಪದಗಳ ಪಕ್ಕದಲ್ಲಿ ಪುಟ್ಟ ಪುಟ್ಟ ಗುರುತುಗಳಿರ್ತವೆ. ಈ ಪದ ಇಂಥ ಕಾವ್ಯದಲ್ಲಿದೆ, ಇದು ಗಾದೆಯಲ್ಲಿದೆ, ಇದು ಮೈಸೂರು ಕಡೆಯ ಮಾತು, ಹೀಗೆ. ಅಂದರೆ ಕಿಟ್ಟೆಲ್ ತಮ್ಮನ್ನು ನಂಬಿ ಅಂತ ಕೇಳ್ತಿಲ್ಲ. ಎಲ್ಲಿ ಸಿಕ್ಕಿತು ಅಂತ ಹೇಳಿ, ಬೇಕಾದರೆ ಹೋಗಿ ನೋಡಿ ಅಂತ ದಾರಿ ಬಿಟ್ಟಿದ್ದಾರೆ. ಮೆಕಾಲೆ ನಮ್ಮ ನಾಡನ್ನು ದಾಟಿ ಹೋದ 60 ವರ್ಷಕ್ಕೆ, ದೂರದ ದೇಶದ ಇನ್ನೊಬ್ಬರು ಇದೇ ನಾಡಿನಲ್ಲಿ ದಶಕಗಳ ಕಾಲ ಕೂತು, ಓದಿ, ಕೇಳಿ, ಆಮೇಲೆ ಬರೆದರು. ಇಬ್ಬರೂ ಹೊರಗಿನವರೇ. ವ್ಯತ್ಯಾಸ ಇರೋದು ಓದಿನಲ್ಲಿ.

ಇಷ್ಟು ಕಥೆ ಹೇಳಿದ ಮೇಲೆ ಮದ್ದು ಹೇಳದಿದ್ದರೆ ತಪ್ಪಾಗುತ್ತೆ. ನಾನು ಬರೆಯುವಾಗ ಇಟ್ಟುಕೊಂಡಿರುವ ನಾಲ್ಕು ಕಟ್ಟುಪಾಡು ಇಲ್ಲಿವೆ. ಒಂದೂ ಹೊಸದಲ್ಲ, ಮೇಲಿನವರಿಂದಲೇ ಕಲಿತದ್ದು.

ಒಂದು, ಯಾವ ಉಲ್ಲೇಖ ಬಂದರೂ ಹೇಳಿದವರು ಆ ದಿನ ಎಲ್ಲಿದ್ದರು ಅಂತ ನೋಡೋದು. ಊರು, ದಿನಾಂಕ, ಸಂದರ್ಭ, ಈ ಮೂರರಲ್ಲಿ ಒಂದೂ ಸಿಗದಿದ್ದರೆ ಆ ಮಾತು ಎಷ್ಟೇ ಸೊಗಸಾಗಿರಲಿ, ನನ್ನ ಬರಹದಲ್ಲಿ ಅದಕ್ಕೆ ಜಾಗ ಇಲ್ಲ. ಐದು ನಿಮಿಷದ ಕೆಲಸ ಇದು.

ಎರಡು, ನನಗೆ ತುಂಬಾ ಖುಷಿ ಕೊಟ್ಟ ಸಂಗತಿಯನ್ನು ಎರಡು ಸಲ ಪರೀಕ್ಷೆ ಮಾಡೋದು. ನನ್ನ ಅಭಿಪ್ರಾಯಕ್ಕೆ ವಿರುದ್ಧವಾದದ್ದನ್ನು ನಾನು ಹೇಗೂ ಅನುಮಾನಿಸ್ತೀನಿ. ಮೋಸ ಆಗೋದು ಮನಸ್ಸಿಗೆ ಹಿತವಾದದ್ದರಲ್ಲಿ. ಸುಳ್ಳು ಮೆಕಾಲೆ ಇಷ್ಟು ವರ್ಷ ಬದುಕಿರೋದು ಆ ಹಿತದಿಂದಲೇ.

ಮೂರು, ಓದಿದ್ದು ಎಷ್ಟೋ ಅಷ್ಟಕ್ಕೇ ತೀರ್ಪು. ಒಂದು ಪುಸ್ತಕ ಓದಿದ್ದರೆ ಒಂದು ಪುಸ್ತಕದ ಬಗ್ಗೆ ಬರೀಬಹುದು, ಇಡೀ ಕಾಲದ ಬಗ್ಗೆ ಅಲ್ಲ. ಕಪಾಟಿನ ಬಗ್ಗೆ ಮಾತಾಡಬೇಕು ಅನ್ನಿಸಿದರೆ ಮೊದಲು ಕಪಾಟು ತೆಗೀಬೇಕು. ಯಾರಿಂದ ತಿಳಿದುಕೊಂಡೆ ಅನ್ನೋದನ್ನು ಬರಹದ ಒಳಗೇ ಹೇಳಬೇಕು. ಫೋಟೋ ಆದರೆ ತೆಗೆದವರ ಹೆಸರು, ಮಾತಾದರೆ ಆಡಿದವರ ಹೆಸರು. ಅದರಿಂದ ನಮ್ಮ ತೂಕ ಕಡಿಮೆ ಆಗಲ್ಲ. ಕಿಟ್ಟೆಲ್ ತೂಕ ಕಡಿಮೆ ಆಯಿತಾ?

ನಾಲ್ಕು, ತಪ್ಪು ಕಂಡರೆ ಅಳಿಸಬಾರದು, ತಪ್ಪಿದ್ದ ಜಾಗದಲ್ಲೇ, ಮೇಲ್ಗಡೆಯೇ ತಿದ್ದಬೇಕು. ಮೊದಲು ಹೀಗಿತ್ತು, ಇದು ತಪ್ಪು, ಸರಿಯಾದದ್ದು ಇದು, ತೋರಿಸಿಕೊಟ್ಟವರು ಇವರು. ನಾಲ್ಕು ಸಾಲು ಸಾಕು. ಎಲ್ಲರನ್ನೂ ಅದು ಮುಟ್ಟಲ್ಲ ಅನ್ನೋದು ಮೆಂಕೆನ್ ಕಥೆಯಿಂದ ಗೊತ್ತಾಗಿದೆ. ಆದರೆ ಹುಡುಕಿಕೊಂಡು ಬರುವ ಒಬ್ಬರಿಗಾದರೂ ಸಿಗಲಿ.

ಇದೆಲ್ಲ ಮಾಡ್ತಾ ಕೂತರೆ ವಾರಕ್ಕೊಂದು ಬರೆಯೋದು ಹೇಗೆ ಅಂತ ಒಬ್ಬ ಗೆಳೆಯ ಕೇಳಿದ. ಆಗಲ್ಲ ಬಿಡಪ್ಪ, ಎರಡು ವಾರಕ್ಕೊಂದು ಬರಿ ಅಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಗಾದೆ ಮಾಡಿಟ್ಟದ್ದು ಸುಮ್ಮನೆ ಅಲ್ಲ. ಆಗಸ್ಟಿನ ಆ ವಾರ ‘ಸನ್’ ಪತ್ರಿಕೆ ತನ್ನ ಪ್ರಸಾರ 19,360 ಅಂತ ಹೆಮ್ಮೆಯಿಂದ ಹೇಳಿಕೊಂಡಿತ್ತು. ಆ ಕಾಲಕ್ಕೆ ದೊಡ್ಡ ಸಂಖ್ಯೆಯೇ. ಇವತ್ತು ನಮ್ಮಲ್ಲಿ ಎಷ್ಟೋ ಜನರ ಒಂದು ರೀಲ್ಸಿಗೆ ಸಂಜೆಯೊಳಗೆ ಅಷ್ಟು ಜನ ಸಿಗ್ತಾರೆ. ಅಂದರೆ 1835ರ ಒಂದು ಪತ್ರಿಕೆಗೆ ಇದ್ದಷ್ಟು ಓದುಗರು ಈಗ ನಮ್ಮ ನಿಮ್ಮ ಕೈಯಲ್ಲಿದ್ದಾರೆ. ಸಂಪಾದಕರು ಮಾತ್ರ ಬಂದಿಲ್ಲ. ಆ ಕುರ್ಚಿಯಲ್ಲಿ ನಾವೇ ಕೂರಬೇಕು.

ಮುಂದಿನ ಸಲ ಆ ಹಳದಿ ಕಾಗದದ ಚಿತ್ರ ಬಂದಾಗ ಚಿಕ್ಕಪ್ಪನ ಜೊತೆ ಜಗಳಕ್ಕೆ ಇಳೀಬೇಡಿ. ಪಲ್ಲಕ್ಕಿಯ ಕಥೆ ಹೇಳಿ. ಮೆಕಾಲೆ ನಮ್ಮೂರಿನ ಮೇಲೇ ಹೋಗಿದ್ದ ಗೊತ್ತಾ ಚಿಕ್ಕಪ್ಪಾ ಅಂತ ಶುರು ಮಾಡಿ. ಕಲ್ಕತ್ತೆಗೆ ಬರುವ ಹೊತ್ತಿಗೆ ಅವರೇ ಕೇಳ್ತಾರೆ, ಹಾಗಾದರೆ ಭಾಷಣ ಮಾಡಿದ್ದು ಯಾವಾಗ ಅಂತ.